ರದ್ದಿಗೆ ಹಾಕಿದ್ದ ಕಡತ

ಸೊಸೆ ಕೆಲಸ ಮುಗಿಸಿ ಬಂದರೆ ಮುಂಬಾಗಿಲಿನಿಂದ ಒಳಗೆ ಕಾಲಿಡುವಂತಿರಲಿಲ್ಲ. ಸುತ್ತು ಹಾಕಿ ಹಿತ್ತಿಲಿಗೆ ಬರಬೇಕು. ಅಲ್ಲಿ ಬಕೆಟ್ಟಿನಲ್ಲಿ ನೀರಿರುತ್ತಿತ್ತು. ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿ ಕೊಡವಿ, ಕೈ ಕಾಲು ಮುಖ ತೊಳೆದು, ಆಮೇಲೆ ಒಳಗೆ. ಇದು ಅತ್ತೆಯ ಕಾನೂನು. ಬಟ್ಟೆ ಕೊಡವಿದರೆ ಏಳುತ್ತಿದ್ದುದು ನ್ಯಾಯಾಲಯದ ಹಳೇ ದಾಖಲೆ ಕೋಣೆಯ ಧೂಳು.

"ಯಾರ್ಯಾರ ಮನೆ ಕೊಳೇನೋ ತಂದು ನನ್ನ ಹಿತ್ತಿಲಿಗೆ ಸುರೀತೀಯಲ್ಲೇ!"

"ನಾನೇನು ಆಸೆಪಟ್ಟು ತರ್ತೀನಾ ಅತ್ತೆ? ತಾನಾಗೇ ಅಂಟ್ಕೊಂಡು ಬರುತ್ತೆ."

"ಸಂಬಳ ಮಾತ್ರ ಹಂಗೆ ಅಂಟ್ಕೊಂಡು ಬರಲ್ಲ ನೋಡು."

ಸೊಸೆ ಬಕೆಟ್ಟಿಗೆ ಕೈ ಹಾಕಿ ಮುಖಕ್ಕೆ ನೀರು ಎರಚಿಕೊಂಡಳು. ಬೆಳಗಿನಿಂದ ಸಂಜೆಯ ತನಕ ಅವಳು ಮಾಡುತ್ತಿದ್ದುದು ಒಂದೇ ಕೆಲಸ. ಕಡತದ ಕಟ್ಟು ಬಿಚ್ಚುವುದು, ಧೂಳು ಒರೆಸುವುದು, ತುಕ್ಕು ಹಿಡಿದ ಗುಂಡುಸೂಜಿ ಕೀಳುವುದು, ಮತ್ತೆ ಕಟ್ಟುವುದು. ನ್ಯಾಯಾಲಯದ ಹಳೆಯ ಕಡತಗಳೆಲ್ಲ ಹೊಸ ಕಟ್ಟಡಕ್ಕೆ ಹೋಗುವುದಿತ್ತು. ಓದಿದವರು ಬಂದು ಕೂತು ಸಂಶೋಧನೆ ಮಾಡಲಿ ಎಂದು ಸರ್ಕಾರ ಕಟ್ಟಿಸಿದ ಕಟ್ಟಡ. ಆದರೆ ಎಲ್ಲವನ್ನೂ ಇಡಲು ಅಲ್ಲಿ ಜಾಗವಿರಲಿಲ್ಲ. ಕೊಲೆ, ಜಮೀನು, ದೊಡ್ಡ ಮನೆತನದ ಪಾಲು, ಇವೆಲ್ಲ ಉಳಿಯುತ್ತಿದ್ದವು. ಬಾಡಿಗೆ ಜಗಳ, ಗಂಡ ಹೆಂಡಿರ ಜಗಳ ಇಂಥವುಗಳಲ್ಲಿ ಹತ್ತು ಕಟ್ಟಿಗೆ ಒಂದನ್ನು ಮಾದರಿಗೆಂದು ಇಟ್ಟುಕೊಂಡು ಮಿಕ್ಕಿದ್ದನ್ನು ರದ್ದಿಗೆ ಹಾಕುತ್ತಿದ್ದರು. ರದ್ದಿಯ ರಾಶಿ ತುಂಬಿದಾಗ ಕಾಗದದ ಕಾರ್ಖಾನೆಯ ಲಾರಿ ಬರುತ್ತಿತ್ತು.

ಸೊಸೆಯದು ಗುತ್ತಿಗೆ ಕೆಲಸ. ಹೊಸ ಕಟ್ಟಡದ ಓದುವ ಕೋಣೆಗೆ ಒಬ್ಬಳನ್ನು ಕಾಯಂ ಮಾಡಿಕೊಳ್ಳುವುದಾಗಿ ಮೇಲಧಿಕಾರಿ ಹೇಳಿದ್ದ. ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಮೇಜಿನ ಮೇಲೆಲ್ಲ ಅದನ್ನೇ ಹುಡುಕುವ ಮನುಷ್ಯ. ಹಾಗಾಗಿ ಕೋಣೆಯ ಹೆಂಗಸರು ಅವನಿಗೆ ಕನ್ನಡಕ ಎಂದೇ ಹೆಸರಿಟ್ಟಿದ್ದರು.

ಆ ದಿನ ಊಟಕ್ಕೆ ಅನ್ನ, ಬೇಯಿಸಿದ ಸೊಪ್ಪು, ತಲೆಗೊಂದು ಮೊಟ್ಟೆ. ಅಡುಗೆಮನೆಯ ನೆಲದ ಮೇಲೆ ಐವರೂ ಕೂತಿದ್ದರು. ಮಗ ಲಿಫ್ಟ್ ರಿಪೇರಿ ಮಾಡುವವನು. ಇಡೀ ದಿನ ಬೇರೆಯವರ ಕಟ್ಟಡದಲ್ಲಿ ಮೇಲೆ ಕೆಳಗೆ ಓಡಾಡಿ ಬಂದು, ತಟ್ಟೆಯ ಮುಂದೆಯೇ ತೂಕಡಿಸುತ್ತಿದ್ದ. ಮಾವ ಶಾಲೆಯಲ್ಲಿ ಡ್ರಿಲ್ ಕಲಿಸಿ ನಿವೃತ್ತರಾದವರು. ಬೀದಿಗೆಲ್ಲ ಡ್ರಿಲ್ ಮೇಷ್ಟ್ರು. ಈಗ ಬಹಳ ಸಾಧು. ಮೊಮ್ಮಗಳ ಶಾಲೆ ಚೀಲ ಹೊರುತ್ತಾರೆ, ತರಕಾರಿ ತರುತ್ತಾರೆ, ಸಂಜೆ ಪಾರ್ಕಿನ ಬೆಂಚಿನ ಮೇಲೆ ಕೂತು ಹೊಸದಾಗಿ ಮದುವೆಯಾದವರಿಗೆ ಸಂಸಾರದ ಬುದ್ಧಿ ಹೇಳುತ್ತಾರೆ. ಕೇಳುವವರೂ ಇದ್ದಾರೆ.

"ಇವತ್ತು ಒಬ್ಳು ಹುಡುಗಿ ಬಂದಿದ್ಲು," ಎಂದಳು ಸೊಸೆ. "ಸಂಶೋಧನೆ ಮಾಡೋಳು. ಹಿಂದಿನ ಕಾಲದಲ್ಲಿ ಮನೆ ಹೆಂಗಸ್ರು ಏನು ತಿಂತಿದ್ರು ಅಂತ ಕಡತದಲ್ಲಿ ಹುಡುಕ್ತಾಳಂತೆ."

"ಅದಕ್ಕೆ ಕಡತ ಯಾಕೆ ಬೇಕು?" ಎಂದಳು ಅತ್ತೆ. "ಉಳಿದಿದ್ದು ತಿಂತಿದ್ರು."

ಮೊಮ್ಮಗಳು ಕಿಸಕ್ಕನೆ ನಕ್ಕಳು.

"ಜೀವನಾಂಶದ ದಾವೆ ಕಡತಗಳನ್ನ ಕೇಳಿದ್ಲು. ನಾವೀಗ ಅದನ್ನೇ ಬಿಚ್ತಾ ಇರೋದು. ಇವರಿಗೆ ಐದೋ ಆರೋ ವರ್ಷ ಇದ್ದಾಗಿನ ಕಟ್ಟುಗಳು..."

ಹೇಳುತ್ತಾ ಗಂಡನ ಕಡೆ ಕೈ ತೋರಿಸಿದವಳು ಅಲ್ಲೇ ನಾಲಿಗೆ ಕಚ್ಚಿಕೊಂಡಳು. ಮೇಷ್ಟ್ರ ಕೈ ತಟ್ಟೆಯಲ್ಲೇ ನಿಂತಿತ್ತು. ಮಗನ ತೂಕಡಿಕೆ ಹಾರಿಹೋಗಿತ್ತು.

ದೊಡ್ಡವರಿಗೆಲ್ಲ ಗೊತ್ತಿದ್ದ, ಯಾರೂ ಎತ್ತದ ವಿಷಯ ಅದು. ಮಗ ಚಿಕ್ಕವನಿದ್ದಾಗ ಅತ್ತೆ ಅವನನ್ನು ಕರೆದುಕೊಂಡು ತನ್ನ ಅಕ್ಕನ ಮನೆಗೆ ಹೋಗಿಬಿಟ್ಟಿದ್ದಳು. ಅಲ್ಲಿಂದಲೇ ಗಂಡನ ಮೇಲೆ ಜೀವನಾಂಶಕ್ಕೆ ದಾವೆ ಹಾಕಿದ್ದಳು. ಆಮೇಲೆ ಅಕ್ಕನ ಗಂಡ ಮುಖ ತಿರುಗಿಸತೊಡಗಿದ, ದಾವೆ ರಾಜಿಯಾಯಿತು, ಇವಳು ಹೋದ ದಾರಿಯಲ್ಲೇ ತಿರುಗಿ ಬಂದಳು.

"ಅದೂ ಇದ್ಯಾ ಅಲ್ಲಿ?" ಮೇಷ್ಟ್ರು ಕೇಳಿದರು.

"ಇರಬಹುದು ಮಾವ. ನಾನು ಹುಡುಕಿಲ್ಲ."

"ಯಾವುದು ತಾತ?" ಎಂದಳು ಮೊಮ್ಮಗಳು.

"ಮೊಟ್ಟೆ ತಿನ್ನು," ಎಂದ ಅವಳ ಅಪ್ಪ.

ಅತ್ತೆ ಯಾರ ಮುಖವನ್ನೂ ನೋಡದೆ ಸೊಪ್ಪಿನ ಪಾತ್ರೆ ಕೆರೆದು ಮಗನ ತಟ್ಟೆಗೆ ಹಾಕಿದಳು.

ಮರುದಿನದಿಂದ ಮೇಷ್ಟ್ರು ಸೊಸೆಯ ಮೇಲೆ ಎಲ್ಲಿಲ್ಲದ ಅಕ್ಕರೆ ಸುರಿಸತೊಡಗಿದರು. ಅವಳು ಹೊರಡುವ ಹೊತ್ತಿಗೆ ಚಪ್ಪಲಿ ಒರೆಸಿಟ್ಟಿರುತ್ತಿದ್ದರು. ಕೆಮ್ಮಿಗೆ ಔಷಧಿ ತಂದರು. ಮೂರನೆಯ ಸಲ ಬಸ್ ನಿಲ್ದಾಣದ ತನಕ ಜೊತೆಗೆ ಬಂದಾಗ ಬಾಯಿ ಬಿಟ್ಟರು.

"ನಿಮ್ಮಲ್ಲಿ ಚೀಲ ತಪಾಸಣೆ ಮಾಡ್ತಾರೇನಮ್ಮ?"

"ಮಾಡ್ತಾರೆ ಮಾವ. ಬುತ್ತಿ ಡಬ್ಬಿನೂ ಬಿಚ್ಚಿ ನೋಡ್ತಾರೆ."

"ಸೆರಗೊಳಗೆ..."

"ಮಾವ!"

"ಅಲ್ಲ, ನನ್ನ ಸಲುವಾಗಿ ಅಲ್ಲ ನಾನು ಹೇಳೋದು. ಮಗು ಬೆಳೀತಾ ಇದೆ. ನಾಳೆ ಯಾರೋ ಓದಿ, ಈ ಮೇಷ್ಟ್ರು ಹೆಂಡ್ತೀನ ಹಂಗೆ ಮಾಡ್ತಿದ್ದ, ಹಿಂಗೆ ಮಾಡ್ತಿದ್ದ ಅಂತ ಬರೆದ್ರೆ? ಕೋರ್ಟಲ್ಲಿ ಎಲ್ಲರೂ ಒಂದಕ್ಕೆ ಎರಡು ಸೇರಿಸೇ ಹೇಳೋದು. ವಕೀಲ ಹೇಳಿಕೊಟ್ಟಿರ್ತಾನೆ."

ಬಸ್ ಬಂತು. ಸೊಸೆ ಹತ್ತಿದಳು. ಸೀಟು ಸಿಗಲಿಲ್ಲ.

ಗಂಡನೂ ಅದೇ ರಾಗ ಹಿಡಿದ. "ಒಂದು ಕಡತ ತಾನೇ. ಅಷ್ಟು ದೊಡ್ಡ ಗೋದಾಮಿನಲ್ಲಿ ಒಂದು ಕಡಿಮೆಯಾದ್ರೆ ಯಾರಿಗೆ ಗೊತ್ತಾಗುತ್ತೆ?"

"ನನ್ನ ಕೆಲಸ ಹೋದ್ರೆ ನಿಮ್ಗೆ ಗೊತ್ತಾಗುತ್ತೆ."

"ಅಪ್ಪ ಸರಿಯಾಗಿ ಊಟ ಮಾಡ್ತಿಲ್ಲ."

"ಅಮ್ಮನ್ನ ಕೇಳಿದ್ರಾ? ದಾವೆ ಹಾಕಿದ್ದು ಅವರು."

ಅವನು ಕೇಳಿರಲಿಲ್ಲ. ಯಾರೂ ಕೇಳಿರಲಿಲ್ಲ. ಆ ಮನೆಯಲ್ಲಿ ಅತ್ತೆಯನ್ನು ಕೇಳುತ್ತಿದ್ದುದು ಉಪ್ಪು ಎಲ್ಲಿದೆ, ಬನಿಯನ್ ಎಲ್ಲಿದೆ ಎಂದು.

ಮುಂದಿನ ವಾರ ಆ ಕಟ್ಟು ಸೊಸೆಯ ಕೈಗೇ ಬಂತು. ಅವಳು ಅದನ್ನು ಓದಲಿಲ್ಲ. ಮೇಲಿನ ಹೆಸರು ನೋಡಿದಳು, ಆಯ್ಕೆಯ ಪಟ್ಟಿ ನೋಡಿದಳು. ಮಾದರಿಗೆ ಉಳಿಯುವ ಕಟ್ಟು ಇದಲ್ಲ, ಪಕ್ಕದ್ದು. ಇದು ರದ್ದಿಗೆ. ನಿಯಮದಂತೆ ರದ್ದಿಯ ರಾಶಿಗೆ ಹಾಕಿದಳು. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಯಾರೂ ಏನೂ ಕದಿಯಬೇಕಾಗಿಲ್ಲ, ಸುಳ್ಳು ಹೇಳಬೇಕಾಗಿಲ್ಲ.

ಸಂಜೆ ಮನೆಗೆ ಬಂದು, ಮುಖ ತೊಳೆಯುವುದಕ್ಕೂ ಮೊದಲು ಹಿತ್ತಿಲಲ್ಲೇ ನಿಂತು ಹೇಳಿದಳು. "ಮಾವ, ಅದು ರದ್ದಿಗೆ ಬಿದ್ದಿದೆ. ತಿಂಗಳ ಕೊನೆಗೆ ಲಾರಿ ಬರುತ್ತೆ, ತಗೊಂಡು ಹೋಗಿ ಅರೆದು ಹಾಕ್ತಾರೆ. ನೀವು ಸುಮ್ನಿದ್ರೆ ಸಾಕು."

"ಅರೆಯೋದನ್ನ ಯಾರು ನೋಡ್ತಾರೆ?"

"ಯಾರೂ ನೋಡಲ್ಲ. ಕಾಗದ ಆಗುತ್ತೆ ಅಷ್ಟೇ."

"ಬರವಣಿಗೇಲಿ ಕೊಡ್ತಾರಾ, ಇಂಥ ಕಡತ ನಾಶ ಆಯ್ತು ಅಂತ?"

"ಮಾವ, ಸುಮ್ನಿರಿ. ದಮ್ಮಯ್ಯ ಅಂತೀನಿ."

ಮೇಷ್ಟ್ರಿಗೆ ಸಮಾಧಾನವಾಗಲಿಲ್ಲ. ಜೀವಮಾನವೆಲ್ಲ ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಬದುಕಿದ ಮನುಷ್ಯ. ಸಹಿ, ಮೊಹರು ಇಲ್ಲದ ಯಾವ ಮಾತನ್ನೂ ಅವರು ನಂಬಿದವರಲ್ಲ.

ಅಡುಗೆಮನೆಯ ಕಿಟಕಿಯ ಹಿಂದೆ ಅತ್ತೆ ನಿಂತಿದ್ದಳು. ಮರುದಿನ ರಜೆ. ಸೊಸೆ ಬಟ್ಟೆ ಹಿಂಡಿ ಹರವುತ್ತಿದ್ದಾಗ ಹಾಸಿಗೆಯ ಹೊದಿಕೆಯ ಇನ್ನೊಂದು ತುದಿ ಹಿಡಿದುಕೊಳ್ಳಲು ಅತ್ತೆ ತಾನಾಗಿ ಬಂದಳು.

"ಅರೆದು ಹಾಕ್ತಾರಾ ಅದನ್ನ?"

"ಹೂಂ ಅತ್ತೆ."

"ನನ್ನನ್ನ ಕೇಳಲ್ವಾ?"

"ಯಾರನ್ನೂ ಕೇಳಲ್ಲ. ಪಟ್ಟಿ ಇರುತ್ತೆ, ಅದರ ಪ್ರಕಾರ ಹಾಕ್ತೀವಿ."

ಇಬ್ಬರೂ ಹೊದಿಕೆ ಹಿಂಡಿದರು. ನೀರು ಕಾಲ ಮೇಲೆ ಬಿತ್ತು.

"ಹಾಕ್ಬೇಡ ಅದನ್ನ," ಎಂದಳು ಅತ್ತೆ. "ಬೇರೆ ಕಡೆ ಎತ್ತಿಡು."

"ಅಯ್ಯೋ ಅತ್ತೆ, ನೀವೂ ಶುರು ಮಾಡ್ಬೇಡಿ!"

"ನೀವೂ ಅಂದ್ರೆ? ಅವರು ಒಂದು ವಾರದಿಂದ ನಿನ್ನ ಚಪ್ಪಲಿ ಒರೆಸ್ತಾ ಇದಾರೆ. ನಾನು ಒಂದೇ ಸಲ ಕೇಳಿದ್ದು." ಅತ್ತೆ ಹೊದಿಕೆಯನ್ನು ತಂತಿಯ ಮೇಲೆ ಎಸೆದಳು. "ಆವತ್ತು ಬೆಳಿಗ್ಗೆಯಿಂದ ಊಟದ ಹೊತ್ತಿನ ತನಕ ನಿಂತ್ಕೊಂಡು ಹೇಳಿದ್ದೀನಿ ಕಣೇ ನಾನು. ಒಬ್ಬ ಕೂತು ಬರ್ಕೊಂಡ. ನಾನು ಹೇಳಿದ್ದನ್ನ ಯಾರಾದ್ರೂ ಕೂತು ಬರ್ಕೊಂಡಿದ್ದು ಅದೊಂದೇ ಸಲ. ಅದು ಎಲ್ಲೋ ಒಂದು ಕಡೆ ಇದೆ ಅಂತ ಇಷ್ಟು ದಿನ ತಳ್ಳಿದ್ದೀನಿ."

"ನನ್ನ ಕೈಲಿಲ್ಲ ಅತ್ತೆ. ಪಟ್ಟಿ ಬಿಟ್ಟು ಒಂದು ಕಟ್ಟು ಅತ್ತಿತ್ತ ಮಾಡಿದ್ರೆ ನನ್ನನ್ನ ಹೊರಗೆ ಹಾಕ್ತಾರೆ."

"ಗೊತ್ತಾಯ್ತು ಬಿಡು."

ಅವತ್ತು ಮಧ್ಯಾಹ್ನ ಅತ್ತೆ ಗಂಡನಿಗೆ ಕಾಯದೆ ಮೊದಲು ತಾನು ಉಂಡಳು. ಅದಕ್ಕೂ ಮೊದಲು ಹಾಗೆ ಮಾಡಿದ್ದನ್ನು ಯಾರೂ ನೋಡಿರಲಿಲ್ಲ. ಮೇಷ್ಟ್ರು ಪಾರ್ಕಿನಿಂದ ಬಂದಾಗ ಅವರ ಪಾಲು ಮುಚ್ಚಳದ ಕೆಳಗೆ ತಣ್ಣಗಾಗಿತ್ತು.

"ಬಿಸಿ ಮಾಡಿ ಕೊಡಲ್ವಾ?"

"ಒಲೆ ಅಲ್ಲೇ ಇದೆಯಲ್ಲ."

ಮೇಷ್ಟ್ರು ಒಲೆಯ ಗುಂಡಿ ಯಾವ ಕಡೆ ತಿರುಗುತ್ತದೆಂದು ಗೊತ್ತಾಗದೆ, ತಣ್ಣಗಿದ್ದುದನ್ನೇ ಉಂಡರು. ಮೊಮ್ಮಗಳು ಬಂದು ನೀರು ಕೊಟ್ಟಳು. ಮನೆಯಲ್ಲಿ ಪಾತ್ರೆಗಳು ಮಾತ್ರ ಮಾತಾಡುತ್ತಿದ್ದವು.

ಮೇಷ್ಟ್ರು ಸುಮ್ಮನಿರಲಿಲ್ಲ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಶಾಲೆಯ ದಿನಗಳ ಪೆನ್ನು ಜೇಬಿಗೆ ಸಿಕ್ಕಿಸಿ, ಯಾರಿಗೂ ಹೇಳದೆ ನ್ಯಾಯಾಲಯದ ಕಚೇರಿಗೆ ಹೋದರು. ಕೈಯಲ್ಲಿ ಅರ್ಜಿ. ತನ್ನ ಮೇಲೆ ಹೆಂಡತಿ ಹೂಡಿದ್ದ ದಾವೆಯ, ಈಗ ರದ್ದಿಗೆ ಬಿದ್ದಿರುವ ಕಡತದಲ್ಲಿ ಮರ್ಯಾದೆಗೆ ಕುಂದು ತರುವ ಸುಳ್ಳು ಸಂಗತಿಗಳಿದ್ದು, ಅದನ್ನು ಕೂಡಲೇ ನಾಶಪಡಿಸಿ ಲಿಖಿತವಾಗಿ ತಿಳಿಸಬೇಕೆಂದು ಕೋರಿದ್ದರು. ಅಕ್ಷರ ಮುತ್ತಿನಂತಿತ್ತು. ಗುಮಾಸ್ತ ಮೊಹರು ಒತ್ತಿ ಒಳಗೆ ಕಳಿಸಿದ.

ಆ ಕಚೇರಿಯ ನಿಯಮ ಅವರಿಗೆ ಗೊತ್ತಿರಲಿಲ್ಲ. ಕಡತದ ಮೇಲೆ ಒಂದು ಹೊಸ ಕಾಗದ ಬಂದರೆ ಸಾಕು, ಆ ಕಡತಕ್ಕೆ ಮತ್ತೆ ಜೀವ. ಅರ್ಜಿ ಇತ್ಯರ್ಥವಾಗುವ ತನಕ ಅದನ್ನು ಯಾರೂ ನಾಶ ಮಾಡುವಂತಿಲ್ಲ. ಎದುರು ಪಕ್ಷದವರಿಗೆ ನೋಟಿಸು ಕೊಟ್ಟು ಕೇಳಬೇಕು.

ಕನ್ನಡಕ ಸೊಸೆಯನ್ನು ಕರೆಸಿದ. "ಇವರು ನಿಮ್ಮ ಮಾವನಾ?"

ಸೊಸೆ ಅರ್ಜಿಯ ಅಕ್ಷರ ನೋಡಿಯೇ ಗುರುತು ಹಿಡಿದಳು. "ಹೌದು ಸಾರ್."

"ಕಡತ ರದ್ದಿಯಲ್ಲಿದೆ ಅಂತ ಇವರಿಗೆ ಹೇಗೆ ಗೊತ್ತಾಯ್ತು?"

ಸಂಜೆಯ ಹೊತ್ತಿಗೆ ಅವಳನ್ನು ಕಟ್ಟು ಬಿಚ್ಚುವ ಕೆಲಸದಿಂದ ತೆಗೆದು ಹರಿದ ಹಾಳೆಗೆ ಅಂಟು ಹಚ್ಚುವ ಮೇಜಿಗೆ ಕೂರಿಸಿದರು. ಓದುವ ಕೋಣೆಯ ಕೆಲಸಕ್ಕೆ ಬೇರೆ ಹೆಂಗಸಿನ ಹೆಸರು ಹೋಯಿತು.

ಆ ದಿನ ಅವಳು ಹಿತ್ತಿಲಿಗೆ ಬರಲಿಲ್ಲ. ಮುಂಬಾಗಿಲಿನಿಂದ, ಧೂಳಿನ ಕಾಲಿನಲ್ಲೇ ನುಗ್ಗಿದಳು.

"ಸುಮ್ನಿರಿ ಅಂತ ಕೈ ಮುಗಿದಿದ್ದೆ ಅಲ್ವಾ ಮಾವ? ತನ್ನಷ್ಟಕ್ಕೆ ಲಾರಿ ಹತ್ತಿ ಹೋಗ್ತಿತ್ತು! ಈಗ ಹೋಗಿ ನೋಡ್ಕೊಳ್ಳಿ, ನಿಮ್ಮ ಅರ್ಜಿನ ಅದಕ್ಕೇ ಪೋಣಿಸಿ ಬೀರುವಿನಲ್ಲಿಟ್ಟು ಬೀಗ ಹಾಕಿದಾರೆ. ನನ್ನ ಕಾಯಂ ಕೆಲಸಾನೂ ಹೋಯ್ತು!"

"ನಾನು ನಾಶ ಮಾಡಿ ಅಂತ ತಾನೇ ಬರೆದಿದ್ದು?" ಮೇಷ್ಟ್ರು ತೊದಲಿದರು.

"ಅಪ್ಪಾ, ನಿಮ್ಗೆ ತಲೆ ಇದ್ಯಾ?" ಎಂದ ಮಗ. "ಸತ್ತಿದ್ದನ್ನ ಹೋಗಿ ತಟ್ಟಿ ಎಬ್ಬಿಸಿದ್ರಲ್ಲ!"

"ನೀನು ಬಾಯಿ ಮುಚ್ಚು. ನಿನಗೋಸ್ಕರಾನೇ ಇಷ್ಟೆಲ್ಲ..."

"ನನಗೋಸ್ಕರ ಏನೂ ಬೇಡ. ಇವಳ ಸಂಬಳಕ್ಕೆ ಕಲ್ಲು ಹಾಕಿದ್ರಿ."

ಅಡುಗೆಮನೆಯಿಂದ ಒಂದು ಸದ್ದು ಬಂತು. ಕೆಮ್ಮು ಎಂದುಕೊಂಡರು ಮೊದಲು. ಅತ್ತೆ ನಗುತ್ತಿದ್ದಳು. ಆಲೂಗಡ್ಡೆ ಸುಲಿಯುವ ಚಾಕುವನ್ನು ಕೆಳಗಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡು, ಮತ್ತೆ ನಕ್ಕಳು.

"ಅಜ್ಜಿಗೆ ಏನಾಯ್ತು?" ಎಂದಳು ಮೊಮ್ಮಗಳು.

"ಏನೂ ಇಲ್ಲ ಪುಟ್ಟಿ. ನಿಮ್ಮ ತಾತ ಇವತ್ತು ನನಗೊಂದು ಉಪಕಾರ ಮಾಡಿದಾರೆ."

ನೋಟಿಸು ಅತ್ತೆಯ ಹೆಸರಿಗೆ ಬಂತು. ಅಂಚೆಯವನು ಹೆಸರು ಕೂಗಿದಾಗ ಬೀದಿಯಲ್ಲಿ ಯಾರೂ ತಿರುಗಲಿಲ್ಲ. ಆ ಹೆಸರಿನವರು ಯಾರಿದ್ದಾರೆಂದು ಪಕ್ಕದ ಮನೆಯವಳೇ ಕೇಳಿದಳು. ಕಡತ ನಾಶಪಡಿಸಲು ನಿಮ್ಮ ಒಪ್ಪಿಗೆ ಇದೆಯೇ, ಆಕ್ಷೇಪಣೆ ಇದೆಯೇ, ಖುದ್ದು ಬಂದು ತಿಳಿಸಿ ಎಂದಿತ್ತು.

"ಒಪ್ಪಿಗೆ ಅಂತ ಹೇಳಿಬಿಡೆ," ಎಂದರು ಮೇಷ್ಟ್ರು. ಒಂದು ವಾರ ಅದೇ ಮಾತು. ತರಕಾರಿ ಚೀಲ ಇಳಿಸುವಾಗ, ಹಲ್ಲುಜ್ಜುವಾಗ. "ಈಗ ನಾನು ಹಂಗಿದ್ದೀನಾ ಹೇಳು. ಕೈ ಎತ್ತಿ ಎಷ್ಟು ವರ್ಷ ಆಯ್ತು?"

"ನಿಮ್ಗೆ ಭುಜ ನೋವು ಬಂತಲ್ಲ, ಅವತ್ತಿಂದ."

"ನೋಡು, ಎಲ್ಲದಕ್ಕೂ ಹಿಂಗೇ ಕುಟುಕ್ತೀಯ."

"ಸ್ವಲ್ಪ ಸರೀರಿ, ಕಸ ಗುಡಿಸ್ಬೇಕು."

ನೋಟಿಸಿನಲ್ಲಿ ಹೇಳಿದ ದಿನ ಸೊಸೆಯ ಜೊತೆ ಅತ್ತೆಯೂ ಬಸ್ ಹತ್ತಿದಳು. ಮೇಷ್ಟ್ರು ಕರೆಯದಿದ್ದರೂ ಬಂದರು. ಕಚೇರಿಯಲ್ಲಿ ಕನ್ನಡಕ ಅತ್ತೆಯನ್ನು ಮೇಜಿನ ಮುಂದೆ ಕೂರಿಸಿದ. ಮೇಷ್ಟ್ರು, ಸೊಸೆ ಬಾಗಿಲಾಚೆಯ ಬೆಂಚಿನ ಮೇಲೆ. ಬಾಗಿಲು ತೆರೆದೇ ಇತ್ತು.

"ಅಮ್ಮ, ಒಪ್ಪಿಗೇನೋ ಆಕ್ಷೇಪಣೇನೋ?"

"ಮೊದಲು ನಾನು ಹೇಳಿದ್ದನ್ನ ಓದಿ. ಕೇಳ್ತೀನಿ."

ಕನ್ನಡಕ ಕಡತ ಬಿಚ್ಚಿದ. ವಕಾಲತ್ತು, ಅರ್ಜಿ, ರಾಜಿ ಪತ್ರ ಎಲ್ಲ ಮಗುಚಿ ಒಂದು ಹಾಳೆಯಲ್ಲಿ ನಿಂತ. ತಲೆಯ ಮೇಲಿದ್ದುದನ್ನು ಮೂಗಿಗಿಳಿಸಿಕೊಂಡು ಓದಿದ. "ಅರ್ಜಿದಾರಳು ಪ್ರಮಾಣ ಮಾಡಿ ಹೇಳಿದ್ದೇನೆಂದರೆ, ಎದುರುದಾರನು ತನ್ನ ಗಂಡನೆಂದೂ, ತನಗೆ ಊಟ ಬಟ್ಟೆಗೆ ಸರಿಯಾಗಿ ಕೊಡದೆ ಉಪೇಕ್ಷೆ ಮಾಡಿರುವನೆಂದೂ, ಆಗಾಗ್ಗೆ ಹೊಡೆಯುವನೆಂದೂ, ಒಂದು ಗಂಡು ಮಗುವಿದೆಯೆಂದೂ ಹೇಳಿರುತ್ತಾಳೆ."

"ಮುಂದೆ?"

"ಅಷ್ಟೇ ಅಮ್ಮ. ಕೆಳಗೆ ನಿಮ್ಮ ಹೆಬ್ಬೆಟ್ಟಿದೆ."

"ಇಲ್ಲ, ಇನ್ನೂ ಇರುತ್ತೆ ನೋಡಿ. ಹಾಳೆ ಅಂಟ್ಕೊಂಡಿರಬೇಕು."

ಅವನು ಹಾಳೆಯನ್ನು ಬೆಳಕಿಗೆ ಹಿಡಿದು ತೋರಿಸಿದ. "ಆಗೆಲ್ಲ ಹೀಗೇ ಬರೀತಿದ್ರು. ನೀವು ಹೇಳಿದ್ದನ್ನ ಚಿಕ್ಕದು ಮಾಡಿ."

ಅತ್ತೆ ಕೈ ಚಾಚಿ ಆ ಹಾಳೆ ಮುಟ್ಟಿದಳು. ಅವಳಿಗೆ ಓದಲು ಬರುತ್ತಿರಲಿಲ್ಲ. ಸಾಲುಗಳನ್ನು ಬೆರಳಿನಿಂದ ಮೇಲಿನಿಂದ ಕೆಳಕ್ಕೆ ಎಣಿಸಿದಳು. ಎಣಿಸುವಷ್ಟೇನೂ ಇರಲಿಲ್ಲ. ಕೈ ಹಿಂದಕ್ಕೆ ತೆಗೆದು ಮಡಿಲಲ್ಲಿಟ್ಟುಕೊಂಡಳು.

ಹೊರಗೆ ಬೆಂಚಿನ ಮೇಲೆ ಮೇಷ್ಟ್ರ ಮುಖ ಅರಳಿತು. ಎದ್ದು ಬಾಗಿಲಿಗೆ ಬಂದರು. "ಇಷ್ಟೇನಾ? ಇದಕ್ಕೆ ಇಷ್ಟೊಂದು ರಾಮಾಯಣ ಮಾಡಿದ್ವಾ ನಾವು? ಇದ್ರಲ್ಲಿ ಏನೂ ಇಲ್ವೇ. ಉಳಿದ್ರೂ ಉಳೀಲಿ, ಹೋದ್ರೂ ಹೋಗಲಿ. ಏನೋ ಒಂದು ಹೆಬ್ಬೆಟ್ಟು ಒತ್ತಿ ಬಾ, ಊಟದ ಹೊತ್ತಾಯ್ತು."

ಅತ್ತೆ ತಿರುಗಿ ನೋಡಲಿಲ್ಲ. ಕನ್ನಡಕನನ್ನೇ ಕೇಳಿದಳು. "ಆಕ್ಷೇಪಣೆ ಅಂದ್ರೆ ಯಾಕೆ ಅಂತ ಬರ್ಕೊಳ್ತೀರಾ?"

"ಹೌದು, ಕಾರಣ ದಾಖಲು ಮಾಡ್ಬೇಕು."

"ನಾನು ಹೇಳಿದ ಹಾಗೇ?"

"ಹೇಳಿದ ಹಾಗೇ."

"ಅದೂ ಇದರ ಜೊತೆಗೇ ಇರುತ್ತಾ?"

"ಇದಕ್ಕೇ ಪೋಣಿಸ್ತೀವಿ."

"ಹಾಗಾದ್ರೆ ನನ್ನ ಆಕ್ಷೇಪಣೆ ಇದೆ," ಎಂದಳು ಅತ್ತೆ. "ಕಾರಣ ಹೇಳ್ತೀನಿ. ಚಿಕ್ಕದು ಮಾಡ್ಬೇಡಿ. ಊಟದ ಬೀರುವಿಗೆ ಬೀಗ ಹಾಕ್ತಿದ್ರು ಇವರು. ಶಾಲೆಗೆ ಹೋಗುವಾಗ ಬೀಗದ ಕೈ ಕೊರಳಲ್ಲಿ ನೇತು ಹಾಕ್ಕೊಂಡು ಹೋಗ್ತಿದ್ರು. ಮಗು ಹಸಿದು ಅತ್ರೆ ನಾನು ಗೋಡೆ ಸುಣ್ಣ ಕೆರೆದು..."

"ಏ!" ಎಂದರು ಮೇಷ್ಟ್ರು. ಹಳೆಯ ಮೈದಾನದ ದನಿ. ಎಲ್ಲ ಮೇಜಿನವರೂ ತಲೆ ಎತ್ತಿದರು.

ಕನ್ನಡಕ ಜವಾನನಿಗೆ ಕಣ್ಣು ಮಾಡಿದ. ಅವನು ಬಾಗಿಲು ಎಳೆದುಕೊಂಡ. ಬರೆಯುವ ಗುಮಾಸ್ತ ಒಳಗೆ ಹೋದ, ಸೊಸೆ ಎದ್ದು ತನ್ನ ಅಂಟಿನ ಮೇಜಿಗೆ ಹೋಗಿ ಕೂತಳು. ಸ್ವಲ್ಪ ಹೊತ್ತಿಗೆ ಅವನೇ ಬಂದು ಸೊಸೆಯ ಅಂಟಿನ ಮೇಜಿನಿಂದ ಬಿಳಿ ಹಾಳೆಗಳನ್ನು ಕೇಳಿ ತೆಗೆದುಕೊಂಡು ಹೋದ. ಮತ್ತೊಮ್ಮೆ ಬಂದ. ಅವನು ಕೇಳುವ ಮೊದಲೇ ಸೊಸೆ ಎತ್ತಿ ಕೊಟ್ಟಳು.

ಮೇಷ್ಟ್ರು ಬೆಂಚಿನ ಮೇಲೆ ಕೂತೇ ಇದ್ದರು. ಒಳಗಿನ ದನಿ ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಊಟದ ಹೊತ್ತು ಮೀರಿತು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅತ್ತೆ ಕಿಟಕಿಗೆ ಒರಗಿ ನಿದ್ದೆ ಹೋದಳು. ಅಷ್ಟು ದಣಿದಿದ್ದಳು. ಮನೆಯಲ್ಲಿ ಅಡುಗೆ ಆಗಿರಲಿಲ್ಲ. ಮಗ ಬ್ರೆಡ್ಡು ತಂದ, ಸೊಸೆ ಚಹಾ ಕಾಸಿ ಐದು ಮೊಟ್ಟೆ ಬೇಯಿಸಿದಳು. ಎಲ್ಲರೂ ಕೂತರು. ಬ್ರೆಡ್ಡಿನ ಚೂರೊಂದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ತಿರುಗಿಸಿದ ಮೇಲೆ ಮೇಷ್ಟ್ರು ಕೇಳಿದರು.

"ಏನೇನು ಬರೆಸಿದೆ?"

ಅತ್ತೆ ಬಾಯಲ್ಲಿದ್ದುದನ್ನು ನುಂಗಿ, ಚಹಾ ಕುಡಿದು, ಲೋಟ ಕೆಳಗಿಟ್ಟಳು.

"ಕೇಳಿದವ್ರಿಗೆಲ್ಲ ಓದೋಕೆ ಕೊಡ್ತಾರಂತೆ ರೀ. ಒಂದು ಅರ್ಜಿ ಬರೆದು ಕೊಡಿ. ಅರ್ಜಿ ಬರೆಯೋದು ನಿಮ್ಗೆ ಹೇಳಿಕೊಡ್ಬೇಕಾ?"

ಮಗ ತಲೆ ತಗ್ಗಿಸಿದ. ಸೊಸೆ ಚಹಾದ ಪಾತ್ರೆ ಎತ್ತಿದಳು, ಯಾರಿಗೆ ಹಾಕಬೇಕೆಂದು ತಿಳಿಯದೆ ಹಿಡಿದುಕೊಂಡೇ ಕೂತಳು. ಅತ್ತೆ ಎದ್ದಳು. ತನ್ನ ತಟ್ಟೆ, ತನ್ನ ಲೋಟ ಎತ್ತಿಕೊಂಡು ಹೋಗಿ ತೊಳೆದು, ಬೋರಲು ಹಾಕಿ, ಮಲಗಲು ಹೋದಳು.